ಮೊದಲ ಸ್ವರ ಕೊಟ್ಟವನು

ನೊಮುಕಾ, ಹಾಪೈ ದ್ವೀಪಗಳು
ಶನಿವಾರ, ೧ ಅಕ್ಟೋಬರ್ ೧೯೮೮

ಪ್ರೀತಿಯ ಮೆಲೆಸೇನಿ, ನನ್ನ ಅಕ್ಕನ ಮಗಳೇ, ನನ್ನ ದೊರೆಸಾನಿಯೇ,

ಹೇಗಿದ್ದೀಯಮ್ಮಾ? ಆಕ್ಲೆಂಡಿನ ಚಳಿ ಇಳಿಯಿತೇ? ಬಿಸ್ಕತ್ತು ಕಾರ್ಖಾನೆಯಲ್ಲಿ ನಿಂತೂ ನಿಂತೂ ಕಾಲು ಊದುತ್ತದೆ ಎಂದು ನಿನ್ನಮ್ಮನಿಗೆ ಬರೆದಿದ್ದೆಯಂತೆ. ಮಲಗುವಾಗ ಕಾಲಡಿಗೆ ದಿಂಬು ಇಟ್ಟುಕೋ, ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ. ಅಲ್ಲಿ ಸಿಗುವ ಎಣ್ಣೆಗೆ ವಾಸನೆಯೇ ಇರುವುದಿಲ್ಲವಂತೆ, ಅದಕ್ಕೇ ಈ ಕಾಗದದ ಜೊತೆ ಒಂದು ಸೀಸೆ ಕಳಿಸುತ್ತಿದ್ದೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಸಿಸಿಲಿಯಾ ಅತ್ತೆಗೆ ಮೊಣಕಾಲು ನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ನನ್ನ ಆರೋಗ್ಯವನ್ನು ಕೇಳಲೇಬೇಡ. ಅರವತ್ತೊಂದಾದರೂ ಈ ದ್ವೀಪದಲ್ಲಿ ನನ್ನಷ್ಟು ಬೇಗ ತೆಂಗಿನ ಮರ ಹತ್ತುವವರು ಇನ್ನೊಬ್ಬರಿಲ್ಲ. ಇಳಿಯುವಾಗ ಕೆಳಗೆ ಯಾರಾದರೂ ನಿಂತಿದ್ದರೆ ಒಳ್ಳೆಯದು ಅನಿಸುತ್ತದೆ, ಅಷ್ಟೇ. ತಿಮಿಂಗಿಲಗಳು ಮರಿಗಳನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟಿವೆ. ನಿನ್ನೆ ಬೆಳಿಗ್ಗೆ ಒಂದು ತಾಯಿ ಬಂಡೆಸಾಲಿನಾಚೆ ಬಾಲ ಎತ್ತಿ ನೀರಿಗೆ ಬಡಿಯಿತು. ನೀನಿದ್ದಿದ್ದರೆ ಅಡುಗೆ ಬಿಟ್ಟು ಓಡಿಬರುತ್ತಿದ್ದೆ.

ಅಂಚೆ ಕಚೇರಿಯ ರೇಡಿಯೋ ಫೋನಿನಲ್ಲೇ ಮಾತಾಡಬಹುದಿತ್ತಲ್ಲ, ಮಾವ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದುಕೊಳ್ಳುತ್ತೀ. ಆ ಫೋನಿನ ಮುಂದೆ ನಿಂತರೆ ಹಿಂದೆ ಅರ್ಧ ಊರು ಕೂತಿರುತ್ತದೆ. ಕೇಳುವವರಿದ್ದರೆ ನಾನು ತಮಾಷೆ ಮಾಡದೆ ಇರಲಾರೆ, ಅದು ನಿನಗೂ ಗೊತ್ತು. ಈ ವಿಷಯವನ್ನು ತಮಾಷೆಯಲ್ಲಿ ತೇಲಿಸಬಾರದು ಎಂದು ನಿನ್ನಮ್ಮನ ಅಪ್ಪಣೆಯಾಗಿದೆ. ನಾಳೆ ನಮ್ಮ ಸಭೆಯಲ್ಲಿ ಕರ್ತನ ಭೋಜನ, ಯೇಸುವಿನ ಹೆಸರಲ್ಲಿ ಒಂದೇ ರೊಟ್ಟಿ ಹಂಚಿಕೊಳ್ಳುವ ದಿನ. ನಿನಗೂ ನನಗೂ ನಡುವೆ ಮೂರು ವರ್ಷದಿಂದ ಬಿದ್ದಿರುವುದನ್ನು ಎತ್ತಿ ಪಕ್ಕಕ್ಕಿಡದೆ ನಾನು ಆ ರೊಟ್ಟಿಗೆ ಕೈ ಚಾಚುವ ಹಾಗಿಲ್ಲ. ಆರನೇ ತರಗತಿ ಓದಿದವನ ಕೈಬರಹ ಇದು. ಆದರೂ ಆ ಕಾಲದ ಆರನೇ ತರಗತಿ ಈಗಿನವರ ಕಾಲೇಜಿಗೆ ಸಮ ಎಂಬುದನ್ನು ಮರೆಯಬೇಡ.

ಕಳೆದ ಭಾನುವಾರದಿಂದ ಹೇಳುತ್ತೇನೆ. ನಮ್ಮ ಬೋಧಕರು ಸೇಮಿಸಿಯವರು ಪ್ರಸಂಗ ಮುಗಿಸಿ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ಯಾರಿಗೋ ಕಾದಿದೆ ಎಂದೇ ಅರ್ಥ. "ಮುಂದಿನ ವಾರ ಕರ್ತನ ಭೋಜನ. ಈ ವಾರ ಹಾಡಿನ ಅಭ್ಯಾಸ ಇಲ್ಲ" ಎಂದರು. ನಾನು ನೋಡಿದರೆ ಗಾಯಕವೃಂದಕ್ಕೆ ಆರು ವಾರದಿಂದ ಹೊಸ ಹಾಡು ಕಲಿಸುತ್ತಿದ್ದೇನೆ. ಸ್ವರಕ್ಕೊಂದರಂತೆ ಮೂರರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಇಡೀ ಹಾಡು ಕಪ್ಪು ಹಲಗೆಯ ಮೇಲೆ ಕೂತಿದೆ, ಒಂದು ಅಂಕಿ ಅಳಿಸಿದರೂ ಕೈ ಮುರಿಯುತ್ತೇನೆ ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ. ಆ ಮಹಾನುಭಾವರು ಪೀಠದಿಂದ ಇಳಿದು ಬಂದು ಹಲಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. "ಗಂಟಲು ತಯಾರಾಗಿದೆ, ಸಾಕು. ಶನಿವಾರ ಅಂಗಳ ಗುಡಿಸ್ತೀರಿ, ಬಿಳೀ ಬಟ್ಟೆಗೆ ಇಸ್ತ್ರಿ ಹಾಕ್ತೀರಿ, ಒಲೆಗುಂಡೀಗೆ ಕಲ್ಲು ಜೋಡಿಸ್ತೀರಿ. ಎಲ್ಲಾ ತಯಾರು ಮಾಡ್ಕೊಂಡು ಬರ್ತೀರಿ, ಎದೆ ಒಂದನ್ನ ಬಿಟ್ಟು. ಯಾರ ಮನೆ ಮುಂದೆ ಮುಖ ತಿರುಗಿಸ್ಕೊಂಡು ಹೋಗ್ತೀರೋ, ಈ ವಾರ ಆ ಮನೆ ಬಾಗಿಲಿಗೆ ಹೋಗಿ. ಮುನಿಸು ಒಳಗಿಟ್ಕೊಂಡು ಹೊರಗೆ ಕೈ ಚಾಚ್ಬೇಡಿ" ಎಂದರು.

ಹೊರಗೆ ಬಂದು ದೀವಿಹಲಸಿನ ಮರದಡಿ ಎಲ್ಲರೆದುರಿಗೆ ನಾನು ಎದೆ ತಟ್ಟಿ, ನನಗೆ ಈ ವಾರ ರಜಾ, ನನಗೆ ಈ ಊರಲ್ಲಿ ಯಾರ ಮೇಲೂ ಮುನಿಸಿಲ್ಲ ಎಂದೆ. ಸಿಸಿಲಿಯಾ ಎಲ್ಲಿಂದಲೋ, "ನಿಮಗಿಲ್ಲ, ಸರಿ ರೀ. ನಿಮ್ಮ ಮೇಲೆ ಯಾರ್ಯಾರಿಗಿದೆ ಅಂತ ಅಲ್ವಾ ಬೋಧಕರು ಕೇಳಿದ್ದು?" ಎಂದಳು. ಹೆಂಗಸರೆಲ್ಲ ಬೀಸಣಿಗೆ ಅಡ್ಡ ಹಿಡಿದು ನಕ್ಕರು. ಆಗಲೇ ನಿಶ್ಚಯಿಸಿದೆ: ಕ್ಷಮೆ ಕೇಳುವುದರಲ್ಲೂ ಈ ಊರಿಗೆ ನಾನೇ ಮೊದಲಿಗನಾಗಬೇಕು.

ಸೋಮವಾರ ಒಂದೇ ದಿನಕ್ಕೆ ಮೂರು ಮನೆ ಮುಗಿಸಿದೆ. ಅಷ್ಟು ಬೇಗ ಪಶ್ಚಾತ್ತಾಪ ಪಟ್ಟವರು ಈ ದ್ವೀಪದಲ್ಲಿ ಇಲ್ಲ ಎಂದು ನಾನೇ ಎರಡು ಮೂರು ಜನಕ್ಕೆ ಹೇಳಿಯೂ ಬಂದೆ. ಮಂಗಳವಾರ ಲೋಪೆಟಿಯ ಮನೆ. ಗಾಯಕವೃಂದದಲ್ಲಿ ನನ್ನ ಎದುರಿಗೇ ನಿಂತು ತಗ್ಗು ಸ್ವರ ಹಾಡುವ ಲೋಪೆಟಿ ಗೊತ್ತಲ್ಲ, ನಿನ್ನ ಜೊತೆಯಲ್ಲಿರುವ ವೀಕಾಳ ಅಪ್ಪ. ಅವನ ಹಂದಿ ನನ್ನ ಗೆಣಸಿನ ಪಾತಿ ಅಗೆದು ತಿಂದಾಗಿನಿಂದ ನಾವಿಬ್ಬರೂ ಹಾಡುವಾಗ ಬಿಟ್ಟರೆ ಬಾಯಿ ಬಿಟ್ಟಿರಲಿಲ್ಲ. ನಾನು ಗೌರವವಾಗಿ ಹೋಗಬೇಕೆಂದು ಸೊಂಟಕ್ಕೆ ಹೊಸ ಚಾಪೆ ಸುತ್ತಿಕೊಂಡೆ, ನಿನ್ನತ್ತೆ ಎಂಟು ತಿಂಗಳು ಕೂತು ಹೆಣೆದ ಬಿಳಿಯದು, ರೇಷ್ಮೆಯ ಹಾಗೆ ಮಿನುಗುವುದು. ಲೋಪೆಟಿ ದವಡೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ, ಹಲ್ಲುನೋವು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಕ್ಷಮೆ ಕೇಳಕ್ಕೆ ಬಂದಿದೀಯೋ, ಮದುವೆ ಗಂಡಾಗಿ ಬಂದಿದೀಯೋ?" ಎಂದ. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ತಪ್ಪು ಒಪ್ಪಿಕೊಳ್ಳಲು ಹೋಗುವವರು ಹರಿದ ಹಳೆಯ ಚಾಪೆ ಸುತ್ತಿಕೊಂಡು ಹೋಗಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೆ ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ.

ಹಂದಿಯ ವಿಷಯ ಬೇಗ ಮುಗಿಯಿತು. ಒಂದೊಂದು ಚಿಪ್ಪು ಕಾವಾ ಬೇರಿನ ರಸ ಕುಡಿದೆವು, ನಕ್ಕೆವು. ನಾನು ಎದ್ದು ಹೊರಡುವಾಗ ಅವನು ದವಡೆ ಒತ್ತಿ ಹಿಡಿದು ಕೇಳಿದ: "ಆ ಹುಡುಗಿ ಮೆಲೆಸೇನಿಗೆ ಏನ್ ಹೇಳಿದೆ?" ನಾನು, ಅವಳಿಗೇನು ಹೇಳುವುದು, ಅವಳ ಮೇಲೆ ನನಗೆ ಕೋಪವಿಲ್ಲ, ಅವಳು ಮಹಾಸಭೆಯಲ್ಲಿ ಹಾಡು ಕೆಡಿಸಿದ್ದನ್ನು ನಾನು ಆವತ್ತೇ ಕ್ಷಮಿಸಿದೆ ಎಂದೆ. ಲೋಪೆಟಿ ದವಡೆಯ ಬಟ್ಟೆ ಸಡಿಲಿಸಿಕೊಂಡ. ಆಮೇಲೆ, "ಪೌಲಿಯಾಸಿ, ಮೂವತ್ತು ವರ್ಷದಿಂದ ನಾನು ತಗ್ಗಲ್ಲಿ ಹಾಡ್ತಿದೀನಿ. ಆ ಹಾಡಿನ ಕೊನೇ ಸಾಲು ನನಗೆ ಪಾತಾಳ. ಮನೇಲಿ ಹಾಡಿದ್ರೆ ಹೊಟ್ಟೆ ಹಿಡ್ಕೊಂಡು ಹಾಡ್ಬೇಕು. ಆವತ್ತು ಮಾತ್ರ ಮೆಟ್ಟಿಲಿಳಿದಷ್ಟು ಸಲೀಸಾಗಿ ಹಾಡಿದೆ. ಯಾಕೆ ಅಂತ ನಿನಗೂ ಗೊತ್ತು" ಎಂದ. ನಾನು ಹೊರಡಲು ಚಪ್ಪಲಿ ಹುಡುಕಿದೆ. ಅವನೇ ಮುಂದುವರಿಸಿ, "ವೀಕಾ ಕಾಗದ ಬರ್ದಿದಾಳೆ. ನಿನ್ನ ಅಕ್ಕನ ಮಗಳು ಅಲ್ಲೂ ಪ್ರತಿ ಭಾನುವಾರ ಸಭೆಗೆ ಬರ್ತಾಳಂತೆ. ಹಿಂದಿನ ಬೆಂಚು. ಕೀರ್ತನೆ ಪುಸ್ತಕ ತೆಗೆದಿಟ್ಕೋತಾಳೆ, ಎಲ್ಲರ ಜೊತೆ ಎದ್ದು ನಿಲ್ತಾಳೆ. ತುಟಿ ಬಿಚ್ಚಲ್ಲವಂತೆ" ಎಂದ.

ತುಟಿ ಬಿಚ್ಚುವುದಿಲ್ಲ! ನಾಲ್ಕು ವರ್ಷದ ಮಗುವಾಗಿದ್ದಾಗ ನನ್ನ ಮಡಿಲಲ್ಲಿ ಕೂತು ಇಡೀ ಸಭೆಗಿಂತ ಒಂದು ಸಾಲು ಮುಂದೆ ಹಾಡುತ್ತಿದ್ದವಳು ನೀನು. ಏಳು ವರ್ಷಕ್ಕೆ ನನ್ನ ಮನೆಗೆ ನುಗ್ಗಿ, ಮಾವನದೆಲ್ಲ ನಂದು ಎಂದು ನನ್ನ ಹೊಸ ಟೋಪಿಯನ್ನು ತಲೆಗಿಟ್ಟುಕೊಂಡು ಹೊರಟುಹೋಗಿದ್ದೆ. ನಾನು ತುಟಿಪಿಟಕ್ಕೆನ್ನಲಿಲ್ಲ. ಅನ್ನುವಂತೆಯೂ ಇಲ್ಲವಲ್ಲ, ಅಕ್ಕನ ಮಕ್ಕಳು ನಮ್ಮ ತಲೆಯ ಮೇಲೆ ಕೂರಬೇಕಾದವರು. ನನ್ನ ಟೋಪಿ, ನನ್ನ ಕೋಳಿ, ಹಬ್ಬದ ಹಂದಿಯ ಒಳ್ಳೆಯ ತುಂಡು, ಏನು ಬೇಕಾದರೂ ಕೇಳದೆ ಎತ್ತಿಕೊಂಡು ಹೋಗುವ ಅಧಿಕಾರ ನಿನಗಿದೆ. ನಿನ್ನಿಂದ ಏನನ್ನೂ ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ. ಲೋಪೆಟಿಯ ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಹೊಸ ಚಾಪೆ ಸೊಂಟಕ್ಕೆ ಕಲ್ಲು ಕಟ್ಟಿದ ಹಾಗೆ ಭಾರವಾಗಿತ್ತು.

ಆವತ್ತಿನ ವಿಷಯ ಬರೆಯಬೇಕು. ರಾಜಧಾನಿ ನುಕುಅಲೋಫಾದಲ್ಲಿ ಮಹಾಸಭೆ. ಎಲ್ಲ ದ್ವೀಪಗಳ ಗಾಯಕರು, ಒಂದೊಂದು ಊರಿನವರು ಒಂದೊಂದು ಬಣ್ಣದ ಬಟ್ಟೆ. ನಮಗಿಂತ ಮೊದಲು ಹಾಡಿದ ವವಾಉ ದ್ವೀಪದವರಿಗೆ ಇಡೀ ಸಭೆ ತಲೆದೂಗಿತ್ತು. ನಮ್ಮ ಸರದಿ ಬಂದಾಗ ಸೇಮಿಸಿಯವರು ಜೇಬಿನಿಂದ ಶ್ರುತಿ ಹಿಡಿಯುವ ಉಕ್ಕಿನ ಕವೆ ತೆಗೆದು ಕೊಟ್ಟರು, ಬಡಿದು ಕಿವಿಗೆ ಹಿಡಿದುಕೋ ಎಂದು. ನಾನು, "ಇದೆಲ್ಲಾ ಬೇಡ ಬೋಧಕರೇ, ದೇವರು ನನ್ನ ಗಂಟಲಲ್ಲೇ ಒಂದು ಇಟ್ಟು ಕಳಿಸಿದ್ದಾನೆ" ಎಂದು ಹಿಂದಿರುಗಿಸಿದೆ. ಮುಂದಿನ ಸಾಲಿನಲ್ಲಿದ್ದವರು ನಕ್ಕರು. ಅವರು ನಕ್ಕದ್ದು ನನಗೆ ಏರಿತು. ಏರಿದ ಮೇಲೆ ಮೊದಲ ಸ್ವರ ಕೊಟ್ಟೆ. ಸಮುದ್ರದ ಗಾಳಿ ಜೋರಾಗಿತ್ತು ಎಂಬುದನ್ನೂ ನೀನು ನೆನೆಯಬೇಕು. ಆ ಸಭಾಂಗಣದ ಮಾಡು ಎತ್ತರ, ಅದರಲ್ಲಿ ಸ್ವರ ತೇಲುತ್ತದೆ. ಬೆಳಗಿನಿಂದ ಉಪವಾಸ ಬೇರೆ. ಏನೇ ಇರಲಿ, ಹಾಡು ಚೆನ್ನಾಗಿಯೇ ಹೊರಟಿತು. ಮೂರನೆಯ ಚರಣದಲ್ಲಿ ನೀನೊಬ್ಬಳೇ ಮೇಲಕ್ಕೆ ಹೋಗುವ ಜಾಗದಲ್ಲಿ ನಿನ್ನ ಧ್ವನಿ ಹಸಿ ಬಿದಿರು ಸೀಳಿದ ಹಾಗೆ ಸೀಳಿತು. ಸಭೆಯಲ್ಲಿ ಯಾರೋ ಹುಡುಗಿಯರು ಕಿಸಕ್ಕೆಂದರು. ನೀನು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ನಿಂತಿದ್ದೆ.

ಹೊರಗೆ ಬಂದಾಗ ವವಾಉದವರು ಏನಾಯಿತೆಂದು ಕೇಳಿದರು. ನಾನು ಹೇಳಿದ್ದು ನಿನಗೆ ಬಾಯಿಪಾಠವೇ ಇರಬೇಕು. "ನಿನ್ನೆ ಬಂದರಲ್ಲಿ ಐಸ್‌ಕ್ರೀಮ್ ತಿಂದು ಗಂಟಲು ಕೆಡಿಸ್ಕೊಂಡಿದಾಳೆ. ಹುಡುಗೀರನ್ನ ನಂಬಿದ್ರೆ ಇಷ್ಟೇ ಕಣ್ರಯ್ಯಾ!" ಎಲ್ಲರೂ ನಕ್ಕರು. ದೋಣಿಯಲ್ಲಿ ಬರುವಾಗ ಇನ್ನೊಂದು ಸಲ ಹೇಳಿದೆ, ಆಗಲೂ ನಕ್ಕರು. ಊರಿಗೆ ಬರುವಷ್ಟರಲ್ಲಿ ಮಕ್ಕಳು ನಿನ್ನನ್ನು ಐಸ್‌ಕ್ರೀಮ್ ಅಂತಲೇ ಕರೆಯಲು ಶುರು ಮಾಡಿದ್ದರು. ನೀನು ಮತ್ತೆ ಅಭ್ಯಾಸಕ್ಕೆ ಬರಲಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಹಡಗು ಹತ್ತಿದೆ. ಬಂದರಿಗೆ ಬಂದ ನನಗೆ ಮುತ್ತಿಡಲು ಕೆನ್ನೆ ಕೊಟ್ಟೆ, ಮಾತು ಮಾತ್ರ ಆಡಲಿಲ್ಲ.

ಬುಧವಾರ, ಗುರುವಾರ ಎರಡು ದಿನ ನಾನು ಕೆಲಸಕ್ಕೆ ಬಾರದವನಾದೆ. ಬೇಲಿ ಕಟ್ಟಲು ಹೋದರೆ ಮೊಳೆಯ ಬದಲು ಹೆಬ್ಬೆರಳಿಗೆ ಹೊಡೆದುಕೊಂಡೆ. ಸಭೆಯ ಮನೆ ತೊಳೆಯುವ ಪಾಳಿ ನಿನ್ನೆ ನಮ್ಮದಿತ್ತು. ಬೆಂಚು ಒರೆಸುತ್ತಾ ಒರೆಸುತ್ತಾ ಗಾಯಕವೃಂದದವರಿಗೆ ಹೇಳಿಬಿಡೋಣ ಎಂದು ಬಾಯಿ ತೆಗೆದೆ. ಬಾಯಿಂದ ಬಂದದ್ದು ಹಂದಿಯ ಕಥೆ. ಬಿದ್ದು ಬಿದ್ದು ನಕ್ಕರು. ನಗಿಸಿ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ನಿಂತಿದ್ದ ಕಪ್ಪು ಹಲಗೆ ಕಣ್ಣಿಗೆ ಬಿತ್ತು. ಶಾಲೆಯಲ್ಲಿ ಸುಳ್ಳು ಹೇಳಿದ ದಿನ ನನ್ನನ್ನೂ ಹಾಗೆಯೇ ನಿಲ್ಲಿಸುತ್ತಿದ್ದರು.

ಇವತ್ತು ಬೆಳಿಗ್ಗೆ ನನ್ನ ಅಜ್ಜನ ಕಾಲದ ಚಾಪೆ ಹುಡುಕಿ ತೆಗೆದೆ. ಅದರಲ್ಲಿ ಚಾಪೆಗಿಂತ ತೂತೇ ಹೆಚ್ಚು. ಅದನ್ನು ಸುತ್ತಿ, ಹಿಂದಿನವರು ತಪ್ಪು ಒಪ್ಪುವಾಗ ಹಾಕಿಕೊಳ್ಳುತ್ತಿದ್ದ ಹಾಗೆ ಕುತ್ತಿಗೆಗೆ ಇಫಿ ಮರದ ಎಲೆ ಪೋಣಿಸಿ ಹಾಕಿಕೊಂಡು ನಿನ್ನಮ್ಮನ ಮನೆಗೆ ಹೊರಟೆ. ಸಿಸಿಲಿಯಾ ನೋಡಿದಳು. ಏನಾದರೂ ಚುಚ್ಚುತ್ತಾಳೆ ಎಂದುಕೊಂಡೆ. ಅವಳು ಹತ್ತಿರ ಬಂದು ಬೆನ್ನ ಮೇಲಿನ ಎಲೆ ಸರಿಮಾಡಿ ಒಳಗೆ ಹೋದಳು, ಅಷ್ಟೇ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಸುಮ್ಮನಿದ್ದದ್ದು ಇದೇ ಮೊದಲು.

ಟೋಕಿಲುಪೆ ಅಕ್ಕನ ಮನೆಯೊಳಗೆ ನಾನು ಕಾಲಿಡುವವನಲ್ಲ, ದೊಡ್ಡವರಾದ ಮೇಲೆ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರ ಮನೆ ದೂರದಿಂದಲೇ. ಬಾಗಿಲ ಹೊರಗೆ ನೆಲದ ಮೇಲೆ ತಲೆ ತಗ್ಗಿಸಿ ಕೂತೆ. ಒಳಗೆ ಅವಳು ಚಾಪೆ ಹೆಣೆಯುತ್ತಿದ್ದಳು. ಎಲೆ ಸೀಳುವ ಸದ್ದು ನಿಂತಿತು.  ಆಮೇಲೆ ಅಕ್ಕ ಒಳಗಿನಿಂದಲೇ, "ಪೌಲಿಯಾಸಿ, ನೀನು ಬಂದಿರೋ ಬಾಗಿಲು ಇದಲ್ಲಪ್ಪಾ" ಎಂದಳು. ನಾನು, ಅವಳು ಆಕ್ಲೆಂಡಿನಲ್ಲಿದ್ದಾಳೆ, ನೀನು ತಾಯಿ, ಅವಳ ಪರವಾಗಿ ನೀನೇ ಕ್ಷಮಿಸು ಎಂದೆ. "ನನ್ನ ಮಗಳ ಗಂಟಲು ನನ್ನ ಹತ್ರ ಇಲ್ಲ. ನಾನು ಹೇಗೆ ಕೊಡ್ಲಿ?" ಎಂದಳು. ಅಷ್ಟು ಹೇಳಿ ಕಾಗದ, ಪೆನ್ನು, ಹಲಗೆಯ ಒಂದು ತುಂಡು ಹೊಸ್ತಿಲಾಚೆ ಸರಿಸಿದಳು. "ಹಡಗು ಬಂದಿದೆ. ಲೋಪೆಟಿ ಹಲ್ಲು ಕೀಳಿಸ್ಕೊಳ್ಳೋಕೆ ನುಕುಅಲೋಫಾಗೆ ಹೋಗ್ತಿದಾನೆ, ಅವನ ಕೈಲಿ ಕೊಡು, ಅಲ್ಲಿಂದ ಕಳಿಸ್ತಾನೆ. ತಮಾಷೆ ಮಾಡ್ಬೇಡ."

ಹಾಗಾಗಿ ನಿನ್ನ ಮನೆಯ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನಮ್ಮಾ. ನೀನು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಹಾಡುತ್ತಿದ್ದ ಜಾಗ. ಕೋಳಿಯೊಂದು ನನ್ನ ಕೊರಳಿನ ಎಲೆ ಕುಕ್ಕುತ್ತಿದೆ. ಕೂತು ಕೂತು ಒಂದು ವಿಷಯ ಹೊಳೆಯಿತು. ನಲವತ್ತು ಜನ ಸೇರಿ ಹಾಡುವಾಗ ಒಬ್ಬನು ಮೊದಲ ಸ್ವರ ಕೊಡುತ್ತಾನೆ. ಅದು ಅವನ ಜಂಭದಷ್ಟು ಎತ್ತರಕ್ಕೆ ಹೋದರೆ ಅವನಿಗೇನೂ ಆಗುವುದಿಲ್ಲ, ಅವನು ಕೈ ಬೀಸುತ್ತಾ ನಿಂತಿರುತ್ತಾನೆ. ಲೋಪೆಟಿಯಂಥವರಿಗೆ ಸಲೀಸೇ ಆಗುತ್ತದೆ. ಎಲ್ಲರಿಗಿಂತ ಮೇಲಕ್ಕೆ ಹೋಗಬೇಕಾದ ಒಂದು ಗಂಟಲು ಮಾತ್ರ ಹರಿಯುತ್ತದೆ. ದೇವರ ಮುಂದೆ ಒಟ್ಟಿಗೆ ನಿಲ್ಲುವುದು ಎಂದರೆ, ಪಕ್ಕದವರು ಮುಟ್ಟಬಲ್ಲ ಶ್ರುತಿಯಲ್ಲಿ ಶುರು ಮಾಡುವುದು ಇರಬೇಕು. ಇದನ್ನು ಸೇಮಿಸಿಯವರು ಹೇಳಿದ್ದಲ್ಲ, ನಾನೇ ಯೋಚಿಸಿದ್ದು. ಅವರಿಗೆ ಹೇಳಿದರೆ ಪ್ರಸಂಗದಲ್ಲಿ ತಮ್ಮದೆಂದೇ ಹೇಳಿಕೊಂಡಾರು.

ನಿನ್ನ ಮೇಲೆ ಕರ್ತನ ಕೃಪೆಯ ನೆರಳು ಸದಾ ಇರಲಿ. ನಿನ್ನ ಕಾಲಿನ ಊತ ಇಳಿಯಲಿ, ಒಳ್ಳೆಯ ಹುಡುಗ ಸಿಗಲಿ, ಸಿಕ್ಕವನು ಹಾಡು ಬರದಿದ್ದರೂ ತಾಳಕ್ಕೆ ತಲೆಯಾದರೂ ಆಡಿಸುವಂಥವನಾಗಿರಲಿ. ವೀಕಾಳಿಗೆ ನನ್ನ ಆಶೀರ್ವಾದ. ಅತ್ತೆ ನಿನ್ನನ್ನು ದಿನಾ ನೆನೆಯುತ್ತಾಳೆ. ಆವತ್ತು ನಡೆದದ್ದಕ್ಕೆಲ್ಲ ಬೇಸರ ಮಾಡಿಕೊಳ್ಳಬೇಡ, ದೊಡ್ಡ ಮನಸ್ಸು ಮಾಡು.

ಟೋಪಿ ಕಳೆದುಕೊಂಡ ನಿನ್ನ ಸೋದರಮಾವ,
ಪೌಲಿಯಾಸಿ

ಮರೆತದ್ದು: ಸಮುದ್ರತೀರದಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮಗುಚಿ ಹಾಕಿದ ದೋಣಿಯ ಮೇಲೆ ಕಾಗದ ಇಟ್ಟಿದ್ದೇನೆ, ಅದಕ್ಕೆ. ಲೋಪೆಟಿ ಕಾಗದ ಮುಟ್ಟುವುದಿಲ್ಲ ಎನ್ನುತ್ತಿದ್ದಾನೆ. "ಬರ್ದಿದೀಯಾ?" ಎಂದ. ಒಂಬತ್ತು ಪುಟ ಬರೆದಿದ್ದೇನೆ ಎಂದೆ. "ಪುಟ ಎಷ್ಟು ಅಂತ ಕೇಳ್ಲಿಲ್ಲ ಕಣಯ್ಯಾ. ಅದನ್ನ ಬರ್ದಿದೀಯಾ?" ಎಂದ. ಲಕೋಟೆ ಒಡೆದು ಮೊದಲಿಂದ ಓದಿ ನೋಡಿದೆ. ಗಾಳಿ ಇದೆ, ಎತ್ತರದ ಮಾಡು ಇದೆ, ಉಪವಾಸ ಇದೆ. ಅದು ಇಲ್ಲ.

ಮೆಲೆಸೇನಿ, ಆವತ್ತು ಶ್ರುತಿ ತಪ್ಪಿಸಿದ್ದು ನಾನು. ಎರಡು ಸ್ವರ ಮೇಲೆ ಕೊಟ್ಟೆ. ಕೊಟ್ಟ ಕ್ಷಣವೇ ನನಗೆ ಗೊತ್ತಾಯಿತು, ನಿಲ್ಲಿಸಿ ಮತ್ತೆ ಕೊಡಬಹುದಿತ್ತು, ವವಾಉದವರು ನೋಡುತ್ತಿದ್ದಾರೆಂದು ನಿಲ್ಲಿಸಲಿಲ್ಲ. ನೀನು ಆ ಎತ್ತರಕ್ಕೂ ಬಂದೆಯಲ್ಲ, ಇನ್ಯಾರೂ ಅರ್ಧ ದಾರಿಗೂ ಬರುತ್ತಿರಲಿಲ್ಲ. ನಿನ್ನ ಗಂಟಲಿಗೆ ಆವತ್ತು ಏನೂ ಆಗಿರಲಿಲ್ಲ. ಇಷ್ಟು ಬರೆದ ಮೇಲೆ ಕೊಬ್ಬರಿ ಮೂಟೆ ಹೊರುತ್ತಿದ್ದ ನಮ್ಮ ಹಾಡುಗಾರರನ್ನೆಲ್ಲ ಕರೆದು ಇದನ್ನೇ ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ. ನಾನೂ ನಗಿಸಲಿಲ್ಲ. ನಾಳೆ ಸೇಮಿಸಿಯವರ ಕವೆ ಬಡಿದು ಕಿವಿಗೆ ಹಿಡಿದುಕೊಂಡು ಸ್ವರ ಕೊಡುತ್ತೇನೆ, ಎಲ್ಲರ ಎದುರಿಗೇ. ರೊಟ್ಟಿ ಹಂಚುವಾಗ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ನೀನು ಮೂರು ವರ್ಷ ಕೂತ ಜಾಗ ಹೇಗಿರುತ್ತದೆಂದು ನೋಡಬೇಕು. ನೀನು ಹಾಡು ಎಂದು ನಾನು ಕೇಳುವುದಿಲ್ಲ, ಅದು ನಿನ್ನದು, ನಿನಗೆ ಬೇಕಾದಾಗ. ನಾನು ಕಿತ್ತುಕೊಂಡದ್ದನ್ನು ಹಿಂದಕ್ಕೆ ಇಟ್ಟಿದ್ದೇನೆ, ಅಷ್ಟೇ. ಲೋಪೆಟಿ ಕೈ ಚಾಚಿ ನಿಂತಿದ್ದಾನೆ, ದೋಣಿ ಹೊರಟಿತು. ಇನ್ನೊಂದು: ಆ ಐಸ್‌ಕ್ರೀಮ್ ಕೊಡಿಸಿದ್ದೂ ನಾನೇ ಎಂದು ಎಲ್ಲರಿಗೂ ಹೇಳಿದೆ. ನೀನು ಬೇಡ ಬೇಡ ಎಂದರೂ ಕೊಡಿಸಿ, ನೀನು ಎರಡು ಸಲ ನೆಕ್ಕಿ ಕೊಟ್ಟಮೇಲೆ, ಉಳಿದದ್ದೆಲ್ಲ ತಿಂದದ್ದೂ ನಾನೇ.